ಕೆಂಪು ಕಣ್ಣು ಅಳಿಸೋ ಮುಂಚೆ ಒಂದ್ಸಲ ಸರಿಯಾಗಿ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ರೂಮಲ್ಲಿ ಅಡ್ಡಾಗಿದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಇವತ್ತು ಫೋನಿನ ಗ್ಯಾಲರಿ ಒಂದು ಕಡೆ ತೆಗೆದಿಟ್ಟುಕೊಂಡೇ ಕೇಳಿ. ಮನೆಯ ಚಿಕ್ಕ ಮಕ್ಕಳ ಫೋಟೋ, ಅದರಲ್ಲೂ ಫ್ಲ್ಯಾಶ್ ಹಾಕಿ ತೆಗೆದ ಫೋಟೋ ಇದ್ದರೆ ಇನ್ನೂ ಒಳ್ಳೇದು. ಇವತ್ತಿನ ವಿಷಯ ರೆಡ್ ಐ. ಫ್ಲ್ಯಾಶ್ ಹಾಕಿದಾಗ ಕಣ್ಣು ಕೆಂಡದ ಹಾಗೆ ಕೆಂಪಗೆ ಬರುತ್ತಲ್ಲ, ಅದು ಯಾಕೆ ಬರುತ್ತೆ, ಅದನ್ನು ಹೇಗೆ ಸರಿ ಮಾಡೋದು, ಮತ್ತು ಯಾವಾಗ ಸರಿ ಮಾಡಲೇಬಾರದು ಅಂತ ಹೇಳ್ತೀನಿ.

ನನ್ನೂರು ಕೊಣ್ಣೂರು. ಗದಗ ಜಿಲ್ಲೆ, ನರಗುಂದ ತಾಲೂಕು. ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವಾಗ ಮಲಪ್ರಭಾ ಹೊಳೆ ದಾಟ್ತೀರಲ್ಲ, ಅಲ್ಲೇ. 2019ರ ಆಗಸ್ಟ್‌ನಲ್ಲಿ ಆ ಹೊಳೆ ಊರೊಳಗೇ ಬಂತು. ನಮ್ಮ ಮನೆಯ ಟ್ರಂಕಿನಲ್ಲಿದ್ದ ಆಲ್ಬಮ್‌ಗಳು ನೆನೆದು ಹಾಳೆಗೆ ಹಾಳೆ ಅಂಟಿಕೊಂಡವು. ಉಳಿದದ್ದು ಅವ್ವ ಅಟ್ಟದ ಮೇಲೆ ಎತ್ತಿಟ್ಟಿದ್ದ ಒಂದು ಪ್ಲಾಸ್ಟಿಕ್ ಚೀಲದಷ್ಟು ಫೋಟೋ ಮಾತ್ರ.

ಮೊನ್ನೆ ರಜೆಗೆ ಊರಿಗೆ ಹೋಗಿದ್ದಾಗ ಅವ್ವ ಆ ಚೀಲ ತಂದು ಮುಂದಿಟ್ಟಳು. ಅದರಲ್ಲಿ ಒಂದು ಅಕ್ಕನ ಮದುವೆ ಫೋಟೋ, 2003ರದ್ದು. ಸ್ಟುಡಿಯೋದವರು ತೆಗೆದದ್ದಲ್ಲ, ನೆಂಟರೊಬ್ಬರು ತಮ್ಮ ಸಣ್ಣ ರೀಲ್ ಕ್ಯಾಮೆರಾದಲ್ಲಿ ರಾತ್ರಿ ಹೊತ್ತು ಹಂದರದ ಕೆಳಗೆ ತೆಗೆದದ್ದು. ಅಪ್ಪ ಈಗ ಇಲ್ಲ. ಅಪ್ಪನ ಜೊತೆ ನಾವೆಲ್ಲ ಒಟ್ಟಿಗೆ ನಿಂತಿರೋ ಫೋಟೋಗಳಲ್ಲಿ ನೀರಿಗೆ ಸಿಗದೆ ಉಳಿದದ್ದು ಅದೊಂದೇ.

"ತಮ್ಮಾ, ಎಲ್ಲಾರ ಕಣ್ಣೂ ಹೆಂಗ ಕೆಂಪಗಾಗ್ಯಾವ ನೋಡು. ನಿಮ್ಮಪ್ಪ ಅಂತೂ ದೆವ್ವ ಬಡದವರಂಗ ಕಾಣ್ತಾರ. ನೀ ಕಂಪ್ಯೂಟರಿನ್ಯಾಗ ಕೆಲಸ ಮಾಡಾಂವ, ಇದನ್ನೊಂದೀಟು ಸರಿ ಮಾಡಿ ಕೊಡು" ಅಂದಳು.

ಆಯ್ತವ್ವಾ ಅಂತ ಫೋಟೋವನ್ನ ಫೋನಲ್ಲಿ ಸ್ಕ್ಯಾನ್ ಮಾಡಿ, ಲ್ಯಾಪ್‌ಟಾಪಿಗೆ ಹಾಕ್ಕೊಂಡು ಕೂತೆ.

ಕಣ್ಣು ಕೆಂಪಾಗೋದು ಯಾಕೆ?

ಮೊದಲು ಕಾರಣ ತಿಳ್ಕೊಳ್ಳೋಣ. ಕಣ್ಣಿನ ನಡುವೆ ಇರೋ ಕಪ್ಪು ಬೊಟ್ಟಿಗೆ ಪಾಪೆ ಅಂತೀವಿ. ಅದು ಬಣ್ಣದ ಬೊಟ್ಟಲ್ಲ, ಒಂದು ಕಿಂಡಿ. ಬಿಸಿಲಲ್ಲಿ ಎರಡು ಮೂರು ಮಿಲಿಮೀಟರಿಗೆ ಕುಗ್ಗುತ್ತೆ, ಕತ್ತಲಲ್ಲಿ ಏಳೆಂಟು ಮಿಲಿಮೀಟರಿನಷ್ಟು ಅಗಲವಾಗುತ್ತೆ. ಜೋರು ಬೆಳಕು ಬಿದ್ದರೆ ತಾನೇ ಕಿರಿದಾಗುತ್ತೆ, ಆದರೆ ಕಿರಿದಾಗೋಕೆ ಶುರು ಮಾಡೋದಕ್ಕೇ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕ್ಯಾಮೆರಾದ ಫ್ಲ್ಯಾಶ್ ಬಂದು ಹೋಗೋದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ. ಅಂದ್ರೆ ಕಿಂಡಿ ಪೂರ್ತಿ ತೆರೆದಿರುವಾಗಲೇ ಬೆಳಕು ಒಳಗೆ ನುಗ್ಗಿಬಿಡುತ್ತೆ.

ಒಳಗೆ ಹೋದ ಬೆಳಕು ಕಣ್ಣಿನ ಹಿಂಭಾಗದ ರೆಟಿನಾ ಪರದೆಯನ್ನ ಮುಟ್ಟುತ್ತೆ. ಅದರ ಹಿಂದೆ ರಕ್ತನಾಳಗಳೇ ತುಂಬಿರೋ ಇನ್ನೊಂದು ಪದರ ಇದೆ, ಅದರ ಹೆಸರು ಕೋರಾಯ್ಡ್. ಅಲ್ಲಿಂದ ಬೆಳಕು ವಾಪಸ್ ಬರುವಾಗ ಕೆಂಪಾಗಿ ಬರುತ್ತೆ. ಫೋಟೋದಲ್ಲಿ ಕಾಣೋದು ಆ ಕೆಂಪೇ. ಅಪ್ಪನ ಕಣ್ಣಿಗೆ ಯಾವ ದೆವ್ವವೂ ಬಡಿದಿರಲಿಲ್ಲ, ಕಣ್ಣೊಳಗೆ ಹರೀತಿದ್ದ ರಕ್ತದ ಬಣ್ಣ ಅದು.

ಹಾಗಾದ್ರೆ ಸ್ಟುಡಿಯೋದವರು ತೆಗೆದ ಮದುವೆ ಫೋಟೋಗಳಲ್ಲಿ ಈ ತೊಂದರೆ ಯಾಕೆ ಕಡಿಮೆ? ಅವರ ಫ್ಲ್ಯಾಶ್ ಕ್ಯಾಮೆರಾದ ಮೇಲೆ ಎತ್ತರದಲ್ಲೋ, ಪಕ್ಕಕ್ಕೋ ಇರುತ್ತೆ. ಕೆಲವೊಮ್ಮೆ ಅದನ್ನ ಮೇಲಿನ ಚಾವಣಿಗೆ ತಿರುಗಿಸಿರ್ತಾರೆ. ಕಣ್ಣೊಳಗೆ ಹೋದ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ. ಫ್ಲ್ಯಾಶ್ ದೂರದಲ್ಲಿದ್ದರೆ ಆ ಕೆಂಪು ಬೆಳಕು ಫ್ಲ್ಯಾಶ್ ಕಡೆಗೆ ಹೋಗುತ್ತೆ, ಲೆನ್ಸಿಗೆ ಸಿಗಲ್ಲ. ಸಣ್ಣ ಕ್ಯಾಮೆರಾದಲ್ಲೂ ಫೋನಲ್ಲೂ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಅಂಟಿಕೊಂಡಿರುತ್ತೆ, ಹಾಗಾಗಿ ಸೀದಾ ಲೆನ್ಸಿಗೇ ಬರುತ್ತೆ.

ರಾತ್ರಿ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋದವರು ಎತ್ತಿನ ಕಣ್ಣು ಹೊಳೆಯೋದನ್ನ ನೋಡಿರ್ತೀರಿ. ಅದು ಕೆಂಪಲ್ಲ, ಹಸಿರು ಇಲ್ಲ ನೀಲಿ ಥರ ಇರುತ್ತೆ. ಎತ್ತು, ನಾಯಿ, ಬೆಕ್ಕುಗಳ ರೆಟಿನಾದ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತೆ, ಟಪೇಟಮ್ ಅಂತಾರೆ. ಕತ್ತಲಲ್ಲಿ ಸಿಕ್ಕ ಚೂರು ಬೆಳಕನ್ನೂ ಎರಡು ಸಲ ಬಳಸಿಕೊಳ್ಳೋಕೆ ಅದು ಸಹಾಯ ಮಾಡುತ್ತೆ. ಮನುಷ್ಯರಿಗೆ ಅದಿಲ್ಲ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸಾಫ್ಟ್‌ವೇರ್ ಏನು ಮಾಡುತ್ತೆ?

ಫೋಟೋದ ಪ್ರತಿ ಚುಕ್ಕಿಯಲ್ಲೂ ಮೂರು ಅಂಕಿ ಇರುತ್ತೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು, ಸೊನ್ನೆಯಿಂದ 255ರವರೆಗೆ. ಕೆಂಪು ಕಣ್ಣಿನ ಒಂದು ಚುಕ್ಕಿಯಲ್ಲಿ ಕೆಂಪು 200, ಹಸಿರು 40, ನೀಲಿ 50 ಇದೆ ಅಂದುಕೊಳ್ಳಿ. ಸಾಫ್ಟ್‌ವೇರ್ ಕಣ್ಣಿನ ಜಾಗದಲ್ಲಿ "ಕೆಂಪು ಉಳಿದೆರಡಕ್ಕಿಂತ ತೀರಾ ಜಾಸ್ತಿ ಇರೋ ಚುಕ್ಕಿ ಯಾವುದು" ಅಂತ ಹುಡುಕುತ್ತೆ. ಸಿಕ್ಕಿದ ಮೇಲೆ ಕೆಂಪನ್ನ ಹಸಿರು ನೀಲಿಗಳ ಸರಾಸರಿಗೆ, ಅಂದ್ರೆ 45ಕ್ಕೆ ಇಳಿಸುತ್ತೆ. ಈಗ ಆ ಚುಕ್ಕಿ 45, 40, 50. ಅದು ಗಾಢ ಬೂದು, ನಮ್ಮ ಕಣ್ಣಿಗೆ ಕಪ್ಪು ಅಂತಲೇ ಕಾಣುತ್ತೆ. ಬೇರೆ ಬೇರೆ ಆಪ್‌ನಲ್ಲಿ ಲೆಕ್ಕ ಸ್ವಲ್ಪ ಬೇರೆ ಇರಬಹುದು, ಆದರೆ ಮೂಲ ಉಪಾಯ ಇದೇ.

ನಾನು ಅಪ್ಪನ ಫೋಟೋಗೆ ಬಳಸಿದ್ದು ಗಿಂಪ್. ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಫಿಲ್ಟರ್ಸ್, ಆಮೇಲೆ ಎನ್‌ಹಾನ್ಸ್, ಅಲ್ಲಿ ರೆಡ್ ಐ ರಿಮೂವಲ್ ಅಂತ ಇದೆ. ಅವಸರಕ್ಕೆ ಕಣ್ಣುಗಳನ್ನ ಸೆಲೆಕ್ಟ್ ಮಾಡದೆ ಸೀದಾ ಒತ್ತಿಬಿಟ್ಟೆ. ಕಣ್ಣು ಕಪ್ಪಾಯ್ತು ನಿಜ, ಜೊತೆಗೆ ಅವ್ವನ ಹಣೆಯ ಕುಂಕುಮವೂ ಕಪ್ಪಾಯ್ತು! ಅಕ್ಕನ ಇಳಕಲ್ ಸೀರೆಯ ಕೆಂಪು ಸೆರಗು ಬೂದಿ ಬಳಿದ ಹಾಗಾಯ್ತು. ಅದಕ್ಕೆ ಕಣ್ಣು ಯಾವುದು, ಕುಂಕುಮ ಯಾವುದು ಅಂತ ಗೊತ್ತಾಗಲ್ಲ. ಕೆಂಪು ಕಂಡರೆ ತೆಗೆಯೋದಷ್ಟೇ ಗೊತ್ತು. ಮದುಮಗಳ ಹಣೆ, ಸೀರೆ, ಕೈಯ ಮದರಂಗಿ ಎಲ್ಲ ಕೆಂಪಾಗಿರೋ ನಮ್ಮ ಫೋಟೋಗಳಲ್ಲಿ ಇದು ದೊಡ್ಡ ತಲೆನೋವು. ಆದ್ದರಿಂದ ಮೊದಲು ಪಾಪೆಗಳನ್ನಷ್ಟೇ ದುಂಡಗೆ ಸೆಲೆಕ್ಟ್ ಮಾಡಿ, ಆಮೇಲೆ ಒತ್ತಿ.

ಫೋಟೋಶಾಪ್ ಇದ್ದರೆ ಅದರ ರೆಡ್ ಐ ಟೂಲ್ ತಗೊಂಡು ಕಣ್ಣಿನ ಮೇಲೆ ಕ್ಲಿಕ್ ಮಾಡಿದರೆ ಸಾಕು. ಪಾಪೆಯ ಗಾತ್ರ, ಎಷ್ಟು ಕಪ್ಪು ಮಾಡಬೇಕು ಅನ್ನೋ ಎರಡು ಅಳತೆ ಮೇಲೆ ಕಾಣುತ್ತೆ, ಎರಡೂ ಶುರುವಿಗೆ 50 ಪರ್ಸೆಂಟ್ ಇರುತ್ತೆ. ಐಫೋನಿನ ಫೋಟೋಸ್ ಆಪ್‌ನಲ್ಲಿ ಎಡಿಟ್ ಒತ್ತಿ ರೆಡ್ ಐ ಆಯ್ಕೆ ತಗೊಂಡು ಒಂದೊಂದೇ ಕಣ್ಣಿನ ಮೇಲೆ ಬೆರಳಿಡಬಹುದು. ಸ್ನ್ಯಾಪ್‌ಸೀಡ್ ಇರೋರಿಗೆ ಒಂದು ಅಡ್ಡದಾರಿ: ಬ್ರಷ್‌ನಲ್ಲಿ ಸ್ಯಾಚುರೇಶನ್ ಆರಿಸಿ, ಮೈನಸ್ 10ಕ್ಕೆ ಇಳಿಸಿ, ಫೋಟೋ ದೊಡ್ಡದು ಮಾಡಿಕೊಂಡು ಪಾಪೆ ಮೇಲೆ ಸವರಿ. ಆಮೇಲೆ ಎಕ್ಸ್‌ಪೋಶರ್ ಬ್ರಷ್‌ನಲ್ಲಿ ಸ್ವಲ್ಪ ಕಪ್ಪು ಮಾಡಿ. ಫೋಟೋಶಾಪ್ ಎಕ್ಸ್‌ಪ್ರೆಸ್ ಆಪ್‌ನಲ್ಲಿ ರೆಡ್ ಐ ಜೊತೆಗೆ ನಾಯಿ ಬೆಕ್ಕುಗಳ ಕಣ್ಣು ಸರಿ ಮಾಡೋಕೆ ಪೆಟ್ ಐ ಅಂತಲೂ ಒಂದಿದೆ.

ಎರಡು ತಪ್ಪು ಮಾಡಬೇಡಿ. ಒಂದು, ಪಾಪೆಗೆ ಪೂರ್ತಿ ಕಪ್ಪು ಬಣ್ಣ ಮೆತ್ತಬೇಡಿ. ಕಣ್ಣಲ್ಲಿ ಒಂದು ಸಣ್ಣ ಬಿಳಿ ಹೊಳಪಿನ ಚುಕ್ಕಿ ಇರುತ್ತೆ, ಬೆಳಕಿನ ಪ್ರತಿಬಿಂಬ ಅದು. ಅದು ಹೋದರೆ ಕಣ್ಣಲ್ಲಿ ಜೀವ ಇಲ್ಲದ ಹಾಗೆ, ಬೊಂಬೆ ಕಣ್ಣಿನ ಹಾಗೆ ಕಾಣುತ್ತೆ. ಎರಡನೇದು, ಮೂಲ ಫೋಟೋ ಮೇಲೆಯೇ ಸೇವ್ ಮಾಡಬೇಡಿ. ಯಾವಾಗಲೂ ಕಾಪಿ ಮಾಡಿಕೊಂಡು ಅದರಲ್ಲಿ ಕೆಲಸ ಮಾಡಿ. ಮೂಲ ಯಾಕೆ ಉಳೀಬೇಕು ಅಂತ ನನಗೆ ಅದೇ ಸಂಜೆ ಗೊತ್ತಾಯ್ತು.

ಒಂದು ಕಣ್ಣು ಸರಿಯಾಯ್ತು, ಇನ್ನೊಂದು ಆಗಲಿಲ್ಲ

ಅಪ್ಪನ ಫೋಟೋ ಮುಗಿಸಿ ಎಲ್ಲರಿಗೂ ತೋರಿಸ್ತಿದ್ದೆ. ಅವ್ವ ಸುಮ್ಮನೆ ನೋಡ್ತಾ ಕೂತಿದ್ದಳು. ಪಕ್ಕದಲ್ಲಿದ್ದ ವೈನಿ, ಅಂದ್ರೆ ಅಣ್ಣನ ಹೆಂಡತಿ, "ಹಂಗಾರ ನಮ್ಮ ಕೂಸಿಂದೂ ಒಂದು ಮಾಡಿಬಿಡ್ರಿ" ಅಂತ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದರು. ಅಣ್ಣನ ಮಗಳ ಮೂರನೇ ವರ್ಷದ ಹುಟ್ಟುಹಬ್ಬದ್ದು. ಕೇಕ್ ಕತ್ತರಿಸೋ ಹೊತ್ತಿಗೆ ಕರೆಂಟ್ ಹೋಗಿತ್ತು, ಫೋನಿನ ಫ್ಲ್ಯಾಶ್ ಹಾಕಿ ತೆಗೆದಿದ್ದರು.

ಈ ಸಲ ಫೋನಲ್ಲೇ ಆಪ್ ತೆಗೆದೆ. ಬಲಗಣ್ಣು ಮುಟ್ಟಿದೆ, ಕೆಂಪು ಹೋಯ್ತು. ಎಡಗಣ್ಣು ಮುಟ್ಟಿದೆ, ಏನೂ ಆಗಲಿಲ್ಲ. ಮತ್ತೆ ಮುಟ್ಟಿದೆ, ಆಗಲಿಲ್ಲ. ಆ ಕಣ್ಣು ಕೆಂಪಿರಲೇ ಇಲ್ಲ. ಮಾಸಲು ಬಿಳಿ, ಸ್ವಲ್ಪ ಹಳದಿ. ಆಪ್‌ಗೆ ತೆಗೆಯೋಕೆ ಕೆಂಪು ಸಿಕ್ಕಿರಲಿಲ್ಲ.

ನಾಚಿಕೆ ಬಿಟ್ಟು ಹೇಳ್ತೀನಿ, ಆಗ ನನ್ನ ತಲೆಗೆ ಮೊದಲು ಹೊಳೆದದ್ದು "ಪೆಟ್ ಐ ಹಾಕಿದರೆ ಹೋಗುತ್ತೆ" ಅಂತ. ಹೆಬ್ಬೆರಳು ಅದರ ಮೇಲೇ ಇತ್ತು. ಒತ್ತಿದ್ದರೆ ಎರಡು ಕಣ್ಣೂ ಚೆಂದ ಕಪ್ಪಾಗಿ, ಫೋಟೋ ಸ್ಟೇಟಸ್‌ಗೆ ಹೋಗಿ, ಎಲ್ಲರೂ ಮರೆತುಬಿಡ್ತಿದ್ದೆವು. ಆದರೆ ಮನುಷ್ಯರ ಕಣ್ಣಲ್ಲಿ ಆ ಕನ್ನಡಿ ಪದರ ಇಲ್ಲವಲ್ಲ, ಬಿಳಿ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಬಂತು. ಬೆರಳು ತೆಗೆದೆ.

"ವೈನಿ, ಕೂಸಿಂದು ಫ್ಲ್ಯಾಶ್ ಹಾಕಿ ತೆಗೆದ ಬ್ಯಾರೆ ಫೋಟೋ ಅದಾವೇನ್ರಿ?" ಅಂತ ಕೇಳಿದೆ. ಹುಡುಕಿದಾಗ ಐದು ಸಿಕ್ಕವು, ನಾಲ್ಕೈದು ತಿಂಗಳಲ್ಲಿ ತೆಗೆದಂಥವು. ಮೂರರಲ್ಲಿ ಅದೇ ಎಡಗಣ್ಣು, ಅದೇ ಬಿಳಿ.

ಅವ್ವ ಹೇಳಿದಳು, "ನಾ ಅವತ್ತ ಅಂದಿದ್ದಿಲ್ಲೇನು, ನಮ್ಮ ಕೂಸಿನ ಕಣ್ಣು ಬೆಕ್ಕಿನ ಕಣ್ಣಿನಂಗ ಹೊಳಿತಾವಂತ." ನಾವೆಲ್ಲ ಆಗ ನಕ್ಕಿದ್ದೆವು. ಹಿಂದಿನ ಕಾಲದ ಯುರೋಪಿನ ವೈದ್ಯರೂ ಈ ಹೊಳಪಿಗೆ ಬೆಕ್ಕಿನ ಕಣ್ಣು ಅಂತಲೇ ಹೆಸರಿಟ್ಟಿದ್ದರು.

ಅಣ್ಣ ಒಪ್ಪಲಿಲ್ಲ. "ಅದು ಫ್ಲ್ಯಾಶಿಂದ ಹಂಗ ಬಂದೈತಿ. ಕೂಸು ಆರಾಮ ಆಡ್ಕೊಂಡ ಐತಿ. ಸುಮ್ನ ಹೆದರಸಬ್ಯಾಡ."

"ಒಂದ ಫೋಟೋ ಆಗಿದ್ರ ನಾನೂ ಸುಮ್ನ ಇರ್ತಿದ್ದೆ ಅಣ್ಣಾ. ಮೂರರಾಗ ಅದ ಕಣ್ಣ ಹಿಂಗ ಬಂದೈತಿ. ತೋರಿಸಿದ್ರ ಏನ ಹೋಗ್ತೈತಿ?"

ಬಿಳಿ ಹೊಳಪು ಅಂದ್ರೆ ಏನು?

ಪಾಪೆಯಲ್ಲಿ ಕಾಣೋ ಈ ಬಿಳಿ ಹೊಳಪಿಗೆ ವೈದ್ಯರು ಲ್ಯುಕೋಕೋರಿಯಾ ಅಂತಾರೆ. ಬಿಳಿ ಪಾಪೆ ಅಂತಲೇ ಅದರರ್ಥ. ಬೆಳಕು ರೆಟಿನಾ ಮುಟ್ಟಿ ಕೆಂಪಾಗಿ ವಾಪಸ್ ಬರೋ ದಾರಿಯಲ್ಲಿ ಏನೋ ಅಡ್ಡ ಇದೆ, ಇಲ್ಲ ಹಿಂದಿನ ಪರದೆಯಲ್ಲೇ ಏನೋ ಬದಲಾಗಿದೆ ಅಂತ ಅದು ಹೇಳ್ತಿರಬಹುದು. ಹುಟ್ಟಿನಿಂದ ಬಂದ ಕಣ್ಣಿನ ಪೊರೆ ಇರಬಹುದು, ರೆಟಿನಾದ ಬೇರೆ ಕಾಯಿಲೆ ಇರಬಹುದು, ಒಂದು ಕಣ್ಣಿಗೆ ತುಂಬಾ ಪವರ್ ಇರಬಹುದು. ಎಲ್ಲಕ್ಕಿಂತ ಗಂಭೀರವಾದದ್ದು ರೆಟಿನೋಬ್ಲಾಸ್ಟೋಮಾ, ಚಿಕ್ಕ ಮಕ್ಕಳ ಕಣ್ಣಿನ ಕ್ಯಾನ್ಸರ್. ಸುಮಾರು 15ರಿಂದ 18 ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತೆ, ಬಹುತೇಕ ಐದು ವರ್ಷದೊಳಗೆ. ಅಪರೂಪ ನಿಜ. ಬೇಗ ಪತ್ತೆಯಾಗಿ ಒಳ್ಳೆ ಚಿಕಿತ್ಸೆ ಸಿಗೋ ದೇಶಗಳಲ್ಲಿ 100ರಲ್ಲಿ 95ಕ್ಕೂ ಹೆಚ್ಚು ಮಕ್ಕಳು ಬದುಕುಳೀತಾರೆ. ತಡವಾದರೆ ಅದು ಕಣ್ಣು ದಾಟಿ ಮಿದುಳಿನ ಕಡೆ ಹಬ್ಬಬಹುದು. ನಮ್ಮ ದೇಶದಲ್ಲಿ ತುಂಬಾ ಮಕ್ಕಳು ಆಸ್ಪತ್ರೆಗೆ ಬರೋದೇ ತಡವಾಗಿ. ಚಿಕ್ಕ ಮಗುವಿಗೆ ನೋವಿರಲ್ಲ, ಒಂದು ಕಣ್ಣಲ್ಲಿ ಕಾಣ್ತಿಲ್ಲ ಅಂತ ಹೇಳೋಕೂ ಬರಲ್ಲ.

ಅದಕ್ಕೇ ಫೋಟೋ ಮುಖ್ಯ ಆಗುತ್ತೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಬ್ರಯಾನ್ ಶಾ ಅಂತ ಒಬ್ಬ ರಸಾಯನಶಾಸ್ತ್ರಜ್ಞ ಇದ್ದಾರೆ. ಅವರ ಮಗನಿಗೆ ಕೂಸಾಗಿದ್ದಾಗಲೇ ಈ ಕ್ಯಾನ್ಸರ್ ಬಂದಿತ್ತು. ಆಮೇಲೆ ಹಳೇ ಫೋಟೋಗಳನ್ನ ತೆಗೆದು ನೋಡಿದಾಗ ರೋಗ ಪತ್ತೆಯಾಗೋದಕ್ಕಿಂತ ಮುಂಚಿನ ಫೋಟೋಗಳಲ್ಲೇ ಬಿಳಿ ಹೊಳಪು ಇತ್ತು. ಅವರೂ ಜೊತೆಯವರೂ ಸೇರಿ ಫೋನಿನ ಗ್ಯಾಲರಿಯಲ್ಲಿ ಬಿಳಿ ಪಾಪೆ ಹುಡುಕೋ ಒಂದು ಆಪ್ ಮಾಡಿದರು. 2019ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದಲ್ಲಿ 40 ಮಕ್ಕಳ 50 ಸಾವಿರಕ್ಕೂ ಹೆಚ್ಚು ಫೋಟೋಗಳನ್ನ ಪರೀಕ್ಷೆ ಮಾಡಿದ್ದರು. ಕಣ್ಣಿನ ತೊಂದರೆ ಇದ್ದ 20 ಮಕ್ಕಳಲ್ಲಿ 16 ಮಕ್ಕಳಿಗೆ, ವೈದ್ಯರು ರೋಗ ಗುರುತಿಸೋದಕ್ಕಿಂತ ಸರಾಸರಿ 1.3 ವರ್ಷ ಮುಂಚಿನ ಫೋಟೋಗಳಲ್ಲೇ ಬಿಳಿ ಹೊಳಪು ಸಿಕ್ಕಿತ್ತು.

ಹಾಗಂತ ಗ್ಯಾಲರಿ ನೋಡಿ ಗಾಬರಿ ಆಗಬೇಡಿ. ಮಗು ಲೆನ್ಸನ್ನ ನೇರ ನೋಡದೆ ಸ್ವಲ್ಪ ಓರೆಯಾಗಿ ನೋಡಿದರೆ, ಕಣ್ಣಿನ ನರ ಸೇರೋ ಬಿಳಿ ಜಾಗದ ಮೇಲೆ ಬೆಳಕು ಬಿದ್ದು ಆರೋಗ್ಯದ ಕಣ್ಣೂ ಬಿಳಿಯಾಗಿ ಕಾಣಬಹುದು. ಒಂದೇ ಒಂದು ಫೋಟೋದಲ್ಲಿ ಹಾಗೆ ಬಂದಿದ್ದರೆ ಕಾರಣ ಇದೂ ಇರಬಹುದು. ಬೇರೆ ಬೇರೆ ದಿನದ ಫೋಟೋಗಳಲ್ಲಿ ಅದೇ ಕಣ್ಣು ಮತ್ತೆ ಮತ್ತೆ ಬಿಳಿಯಾಗಿದ್ದರೆ ತಡ ಮಾಡಲೇಬಾರದು. ಅನುಮಾನ ಇದ್ದರೆ ಒಂದೇ ಫೋಟೋ ಆದರೂ ವೈದ್ಯರಿಗೆ ತೋರಿಸಿ. ಅದರ ಜೊತೆ ಮೆಳ್ಳಗಣ್ಣೂ ಇದ್ದರೆ "ಅದೃಷ್ಟದ ಕಣ್ಣು" ಅಂತ ಬಿಡಬೇಡಿ.

ಇನ್ನೊಂದು ಮಾತು. ಎಲ್ಲ ಫೋಟೋದಲ್ಲೂ ಕಣ್ಣು ಚೆನ್ನಾಗಿದೆ ಅಂದ್ರೆ ಕಣ್ಣಿಗೆ ಏನೂ ಇಲ್ಲ ಅಂತ ಅರ್ಥ ಅಲ್ಲ. ಈಗಿನ ಎಷ್ಟೋ ಫೋನು ಕ್ಯಾಮೆರಾಗಳು ರೆಡ್ ಐ ಅನ್ನ ತಾವೇ ತೆಗೆದುಬಿಡುತ್ತವೆ. ನೈಟ್ ಮೋಡ್ ಬಂದ ಮೇಲೆ ಫ್ಲ್ಯಾಶೇ ಹಾಕಲ್ಲ. ಮನೆಯಲ್ಲಿ ಫ್ಲ್ಯಾಶ್ ಹೊಡೆದು ನೋಡೋದು ಪರೀಕ್ಷೆ ಅಲ್ಲ. ಪರೀಕ್ಷೆ ಮಾಡಬೇಕಾದವರು ಕಣ್ಣಿನ ಡಾಕ್ಟರೇ.

ಹುಬ್ಬಳ್ಳಿಯಲ್ಲಿ

ಎರಡು ದಿನ ಬಿಟ್ಟು ಅಣ್ಣ, ವೈನಿ, ನಾನು ಕೂಸನ್ನ ಕರ್ಕೊಂಡು ಬಸ್ ಹತ್ತಿದೆವು. ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿ ಬರೋವರೆಗೂ ಅಣ್ಣ ಒಂದು ಮಾತಾಡಲಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ "ಎಡಿಟ್ ಮಾಡದ ಫೋಟೋ ಇದೆಯಾ?" ಅಂತ. ತೋರಿಸಿದೆವು. ಕೂಸಿನ ಕಣ್ಣಿಗೆ ಡ್ರಾಪ್ಸ್ ಹಾಕಿ, ಪಾಪೆ ಅಗಲ ಆಗೋವರೆಗೆ ಕೂರಿಸಿ, ಆಮೇಲೆ ಒಳಗೆ ಕರೆದರು. ಆ ಮುಕ್ಕಾಲು ಗಂಟೆ ಹೇಗೆ ಕಳೀತು ಅಂತ ನಾನಿಲ್ಲಿ ಹೇಳಲ್ಲ.

ಹೊರಗೆ ಬಂದು ಡಾಕ್ಟರು ಹೇಳಿದ್ದು ಇಷ್ಟು: ಗಡ್ಡೆ ಇಲ್ಲ. ಪೊರೆ ಇಲ್ಲ. ಎಡಗಣ್ಣಿಗೆ ಮಾತ್ರ ತುಂಬಾ ಪವರ್ ಇದೆ. ಆ ಕಣ್ಣಿಂದ ಬರೋ ಚಿತ್ರ ಮಸುಕಾಗಿರೋದರಿಂದ ಮಿದುಳು ಅದನ್ನ ಬಿಟ್ಟು ಬಲಗಣ್ಣನ್ನೇ ನಂಬಿಕೊಂಡಿದೆ. ಲೇಜಿ ಐ ಅಂತಾರೆ. ಈಗಲೇ ಕನ್ನಡಕ ಹಾಕಿ, ದಿನಕ್ಕೆ ಇಷ್ಟು ಹೊತ್ತು ಅಂತ ಚೆನ್ನಾಗಿರೋ ಕಣ್ಣಿಗೆ ಪಟ್ಟಿ ಕಟ್ಟಿದರೆ, ಸೋಮಾರಿ ಕಣ್ಣು ಕೆಲಸ ಕಲಿಯುತ್ತೆ. ಏಳೆಂಟು ವರ್ಷ ದಾಟಿದ ಮೇಲೆ ಬಂದಿದ್ದರೆ ಕಷ್ಟ ಆಗ್ತಿತ್ತು ಅಂದರು.

ಅಣ್ಣ ಹೊರಗೆ ಬಂದು ಚಹಾ ಕುಡಿಸಿದ. "ಫೋಟೋ ಅಳಿಸಬ್ಯಾಡ, ಇರಲಿ" ಅಂದ. ಅಷ್ಟೇ.

ನೀವೇನು ಮಾಡಬಹುದು?

ಎಲ್ಲರಿಗೂ ದೊಡ್ಡ ಆಸ್ಪತ್ರೆ ಹತ್ತಿರ ಇರಲ್ಲ, ಗೊತ್ತು. ಆರ್‌ಬಿಎಸ್‌ಕೆ, ಅಂದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ, ಅದರ ವೈದ್ಯರ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತೆ. ಆ ತಂಡಕ್ಕೆ ಫೋಟೋ ತೋರಿಸಿ. ತಂಡ ಬರೋ ದಿನ ದೂರ ಇದ್ದರೆ ಕಾಯಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅವರು ಮುಂದೆ ಕಳಿಸ್ತಾರೆ. ಬೆಂಗಳೂರಲ್ಲಿ ಸರ್ಕಾರದ್ದೇ ಮಿಂಟೋ ಕಣ್ಣಾಸ್ಪತ್ರೆ ಇದೆ. ರೆಟಿನೋಬ್ಲಾಸ್ಟೋಮಾ ಚಿಕಿತ್ಸೆಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಹೆಸರಾದದ್ದು.

ಮತ್ತೆ ಫೋಟೋ ತೆಗೆಯೋರಿಗೆ: ಕೆಂಪು ಬರಬಾರದು ಅಂದ್ರೆ ಕೋಣೆಯ ದೀಪ ಹಾಕಿ, ಪಾಪೆ ಮೊದಲೇ ಕಿರಿದಾಗುತ್ತೆ. ಲೆನ್ಸನ್ನ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡೋಕೆ ಹೇಳಿ. ಕ್ಯಾಮೆರಾದಲ್ಲಿ ರೆಡ್ ಐ ರಿಡಕ್ಷನ್ ಇದ್ದರೆ ಅದು ಫೋಟೋಗೆ ಮುಂಚೆ ಒಂದು ಸಲ ಬೆಳಕು ಬಿಟ್ಟು ಪಾಪೆ ಕುಗ್ಗಿಸುತ್ತೆ, ಅದನ್ನ ಬಳಸಿ. ಸ್ಟೇಟಸ್‌ಗೆ ಹಾಕೋ ಫೋಟೋ ಎಷ್ಟು ಬೇಕಾದರೂ ಚೆಂದ ಮಾಡಿ. ಎರಡೂ ಕಣ್ಣು ಕೆಂಪಗಿದ್ದರೆ ಧಾರಾಳವಾಗಿ ಅಳಿಸಿ, ಆ ಕೆಂಪು ಒಳ್ಳೆ ಸುದ್ದಿ. ಒಂದು ಕಣ್ಣು ಮಾತ್ರ ಬೇರೆ ಥರ ಇದ್ದರೆ ಬೆರಳು ತೆಗೆದು, ಮೂಲ ಫೋಟೋ ಉಳಿಸ್ಕೊಂಡು, ಆ ಮಗುವಿನ ಅಪ್ಪ ಅಮ್ಮನಿಗೆ ಫೋನ್ ಮಾಡಿ.

ಅಪ್ಪನ ಫೋಟೋಗೆ ಅವ್ವ ಚೌಕಟ್ಟು ಹಾಕಿಸಿದ್ದಾಳೆ, ಈ ಸಲ ನೀರು ಮುಟ್ಟದಷ್ಟು ಎತ್ತರಕ್ಕೆ ಗೋಡೆಗೆ ತೂಗು ಹಾಕಿದ್ದಾಳೆ. ಅಣ್ಣನ ಮಗಳು ಕೆಂಪು ಕಡ್ಡಿಯ ಕನ್ನಡಕ ಹಾಕ್ಕೊಂಡು, ಬಲಗಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು, ಅದೇ ಗೋಡೆ ತುಂಬಾ ಸೀಸದಕಡ್ಡಿಯಲ್ಲಿ ಗೀಚ್ತಾ ಇದ್ದಾಳಂತೆ. ಯಾರೂ ಬೈತಿಲ್ಲ.

ಈ ಸಂಚಿಕೆಯನ್ನ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ, ಅದರಲ್ಲೂ ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿರೋರಿಗೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.